ಎಡೆಗೆ ಏಳದ ಹುಳು

ಧಾನ್ಯದ ಗೋದಾಮುಗಳಲ್ಲಿ ಹುಳು ಹುಡುಕುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ಬೊರಿವಲಿಯ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, ನಿಮ್ಮ ಅನುಭವ ಹೇಳಿ ಮೇಡಮ್ ಎನ್ನುತ್ತಾರೆ. ಅವರಿಗೆ ನಿಜವಾಗಿ ಬೇಕಾಗಿರುವುದು ಸಾಹೇಬರನ್ನು ಸಂಭಾಳಿಸುವ ಉಪಾಯ. ಅದು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಇದ್ದಿದ್ದರೆ ನಾನೂ ತಿರುಗುವ ಕುರ್ಚಿಯಲ್ಲಿ ಕೂತು ನಿವೃತ್ತಳಾಗುತ್ತಿದ್ದೆ. ನಾನು ಹೇಳಬಲ್ಲದ್ದು ಎರಡೇ ಸಂಗತಿ: ನಾನು ಹಾಕಿದ ಒಂದು ತಪ್ಪು ಸಹಿ, ಮತ್ತು ಆಮೇಲೆ ಹಾಕಲು ಒಪ್ಪದ ಇನ್ನೊಂದು ಸಹಿ. ಕೇಳುವವರು ಕೇಳಲಿ, ಬೇಡದವರು ಬಿಸ್ಕತ್ತು ತಿಂದು ಎದ್ದು ಹೋಗಲಿ.

ನಾನು ಕೆಲಸ ಮಾಡಿದ್ದು ಭಾಂಡುಪಿನ ಒಂದು ಖಾಸಗಿ ಗೋದಾಮು ಕಂಪನಿಯಲ್ಲಿ. ಬೊರಿವಲಿಯಿಂದ ದಾದರಿಗೆ ಒಂದು ಲೋಕಲ್, ಅಲ್ಲಿ ಬ್ರಿಜ್ ಹತ್ತಿ ಇಳಿದು ಭಾಂಡುಪಿಗೆ ಇನ್ನೊಂದು. ದೊಡ್ಡ ಗೋದಾಮುಗಳ ನಡುವೆ ತಗಡಿನ ಮಾಡಿನ ಒಂದು ಕೋಣೆ ನಮ್ಮ ಲ್ಯಾಬ್. ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಪೊಳ್ಳು ಸಲಾಕೆ, ಜರಡಿ, ಭೂತಗನ್ನಡಿ, ಒಂದು ಹಳೆಯ ಫ್ರಿಜ್ ಮತ್ತು ರಿಜಿಸ್ಟರು, ಇಷ್ಟೇ ಸಾಮಾನು. ಮದುವೆ ಮಾತುಕತೆಗೆ ಬಂದ ವಿಜಯಪುರದ ಕಡೆಯವರು ಹುಡುಗಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದಾಗ ಅಪ್ಪ ಲ್ಯಾಬಿನಲ್ಲಿ ಇದ್ದಾಳೆ ಎಂದಷ್ಟೇ ಹೇಳಿದ್ದರು. ನಾನು ಒಳಗಿನಿಂದ ಬಂದು, ಗೋಧಿಯ ಹುಳು ಆರಿಸುತ್ತೇನೆ ಎಂದು ಪೂರ್ತಿ ಮಾಡಿದೆ. ಆ ಸಂಬಂಧ ಕೂಡಲಿಲ್ಲ. ನನಗೇನೂ ಬೇಜಾರಾಗಲಿಲ್ಲ.

ಲ್ಯಾಬಿನ ಮುಖ್ಯಸ್ಥೆ ಮಿಸೆಸ್ ಡಿಸೋಜಾ. ಉಡುಪಿ ಕಡೆಯವರು, ಬಾಂದ್ರಾದಲ್ಲಿ ಮನೆ. ನಾನು ಸೇರಿದ ಮೊದಲ ತಿಂಗಳಲ್ಲೇ ಅವರೆದುರು ಪೆಚ್ಚಾದೆ. ಖರ್ಜೂರ, ಬೇಳೆ ಇಡುವ ತಂಪು ಕೋಣೆಯಿಂದ ತಂದ ಮಾದರಿಯಲ್ಲಿ ಇಪ್ಪತ್ತು ಮೂವತ್ತು ಮೂತಿಹುಳುಗಳು ಕಾಲು ಮಡಚಿ ಬಿದ್ದಿದ್ದವು. ಸೂಜಿಯಿಂದ ಮುಟ್ಟಿದೆ, ಅಲ್ಲಾಡಲಿಲ್ಲ. ಎಲ್ಲವೂ ಸತ್ತಿವೆ ಎಂದು ರಿಜಿಸ್ಟರಿನಲ್ಲಿ ಬರೆದು ಊಟಕ್ಕೆ ಹೋದೆ. ತಟ್ಟೆಯನ್ನು ಕಿಟಕಿಯ ಬಿಸಿಲಿನಲ್ಲಿ ಬಿಟ್ಟಿದ್ದೆ. ಬಂದು ನೋಡಿದರೆ ತಟ್ಟೆ ಖಾಲಿ. ಹುಳುಗಳು ಮೇಜಿನ ಮೇಲೆ, ರಿಜಿಸ್ಟರಿನ ಮೇಲೆ, ನಾನು ಸತ್ತಿವೆ ಎಂದು ಬರೆದ ಸಾಲಿನ ಮೇಲೂ ಆರಾಮಾಗಿ ಓಡಾಡಿಕೊಂಡಿದ್ದವು.

ಡಿಸೋಜಾ ಬೈಯಲಿಲ್ಲ. ಒಂದು ಹುಳುವನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು, "ಇದಕ್ಕೆ ಚಳಿಯಾಗಿತ್ತು ಮಾರಾಯ್ತಿ, ಸಾವು ಬಂದದ್ದಲ್ಲ. ಬಿಸಿ ಕೊಡು, ಊಟ ಕೊಡು, ಆಮೇಲೆ ಏಳ್ತದಾ ಇಲ್ವಾ ನೋಡಿ ಬರಿ," ಎಂದರು. ಚಳಿ, ಬರ, ಹಸಿವು ಬಂದಾಗ ಜೀವ ತನ್ನ ಗಾಡಿಯನ್ನು ಅಲ್ಲೇ ನಿಲ್ಲಿಸುತ್ತದೆ, ಕಷ್ಟ ಸರಿದ ತಕ್ಷಣ ಮತ್ತೆ ಹೊರಡುತ್ತದೆ, ಇದಕ್ಕೆ ಸುಪ್ತಾವಸ್ಥೆ ಎನ್ನುತ್ತಾರೆ ಎಂದು ಅವತ್ತು ಕಲಿತೆ. ಪಾಠ ಸುಳ್ಳಾಗಿರಲಿಲ್ಲ. ಅದು ಅರ್ಧ ಪಾಠ ಎಂದು ಗೊತ್ತಾಗಲು ನನಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಆ ಅರ್ಧ ಪಾಠದ ಮೇಲೆಯೇ ನಮ್ಮ ಕಂಪನಿಯ ಒಂದು ಪದ್ಧತಿ ನಿಂತಿತ್ತು. ಗೋದಾಮು ಖಾಲಿಯಾದ ಮೇಲೆ ಗುಡಿಸಿ, ಗೋಡೆಗೆ ಔಷಧಿ ಹೊಡೆದು, ಹೊಸ ಮಾಲು ಬರುವ ಮೊದಲು ಒಳಗೆ ಹುಳು ಉಳಿದಿದೆಯೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಡಿಸೋಜಾ ಒಂದು ಉಪಾಯ ಮಾಡಿದ್ದರು. ಅಂಗೈಯಗಲದ ಗೋಣಿಯ ಚೀಲಗಳನ್ನು ಹೊಲಿದು, ಒಳಗೆ ಎಣ್ಣೆ ಸವರಿದ ಗೋಧಿ ನುಚ್ಚು ತುಂಬಿ, ಗೋಡೆಯ ಬುಡದಲ್ಲಿ ಸಾಲಾಗಿ ಇಡುವುದು. ಹಸಿದ ಹುಳು ಬಂದೇ ಬರುತ್ತದೆ. ಹದಿನೈದು ದಿನ ಬಿಟ್ಟು ಚೀಲ ಬಿಚ್ಚಿ ನೋಡುವುದು. ಖಾಲಿ ಇದ್ದರೆ ಗೋದಾಮು ಹುಳುಮುಕ್ತ ಎಂದು ಸರ್ಟಿಫಿಕೇಟು. ನಾವು ನಮ್ಮಲ್ಲಿ ಇದನ್ನು ಹುಳುವಿಗೆ ಎಡೆ ಇಡುವುದು ಎನ್ನುತ್ತಿದ್ದೆವು. ಆ ಹೆಸರು ಇಟ್ಟವನು ಕಾಸಿಂ.

ಕಾಸಿಂ ಔಷಧಿ ಹೊಡೆಯುವವನು. ಸಿಂದಗಿ ಕಡೆಯವನು, ನನಗಿಂತ ಕೆಲವು ವರ್ಷ ದೊಡ್ಡವನು. ಅವನ ಕೆಲಸದಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡಿಲ್ಲ. ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಪಟ್ಟಿ ಪಟ್ಟಿಯಾಗಿ ಹೊಡೆದು, ಎಲ್ಲಿ ಮುಗಿಸಿದೆ ಎಂದು ಗುರುತು ಮಾಡಿ ಬರುತ್ತಿದ್ದ. ಊಟದ ಹೊತ್ತಿಗೆ ಗೋದಾಮಿನ ಬಾಗಿಲಲ್ಲಿ ಒಂದು ತುಂಡು ಗೋಣಿ ಹಾಸಿಕೊಂಡು ಡಬ್ಬಿ ಬಿಚ್ಚುತ್ತಿದ್ದ. ಮನೆಯಲ್ಲಿ ಮಕ್ಕಳ ಜೊತೆ ಹಿಂದಿ, ಹೆಂಡತಿಯ ಜೊತೆ ದಖನಿ, ನನ್ನ ಜೊತೆ ಮಾತ್ರ ಕನ್ನಡ. ನಾಲಿಗೆಗೆ ತುಕ್ಕು ಹಿಡಿಯಬಾರದಲ್ಲ ಎನ್ನುತ್ತಿದ್ದ.

ಡಿಸೋಜಾ ನಿವೃತ್ತರಾದ ಮೇಲೆ ಲ್ಯಾಬು ನನ್ನ ಕೈಗೆ ಬಂತು. ಜೊತೆಗೆ ಬೆಳಗಾವಿ ಕಡೆಯ ಪಾಟೀಲ ಸಾಹೇಬರು ಮ್ಯಾನೇಜರಾಗಿ ಬಂದರು. ಕೆಟ್ಟವರಲ್ಲ, ಆದರೆ ಅವರಿಗೆ ಯಾವ ತಪ್ಪಿಗೂ ಒಬ್ಬ ಮನುಷ್ಯ ಬೇಕು, ಅದೂ ಆ ಸಂಜೆಯೊಳಗೆ ಬೇಕು. ಆಗ ಐದನೇ ನಂಬರಿನ ಗೋದಾಮು ಖಾಲಿ ಬಿದ್ದು ಕೆಲವು ತಿಂಗಳಾಗಿತ್ತು. ಹಿಂದೆ ಅಲ್ಲಿದ್ದ ಗೋಧಿಗೆ ಖಾಪ್ರಾ ಹಿಡಿದಿತ್ತು. ಖಾಪ್ರಾ ಎಂದರೆ ಎಳ್ಳುಕಾಳಿಗಿಂತ ಚಿಕ್ಕ ಕಂದು ದುಂಬಿ. ಹಾರುವುದಿಲ್ಲ. ತಿನ್ನುವುದೆಲ್ಲ ಅದರ ಕೂದಲು ಕೂದಲಾದ ಮರಿಹುಳು. ಕಾಳನ್ನು ತಿಂದು ಬರೀ ಹೊಟ್ಟು ಮಾಡಿಬಿಡುತ್ತದೆ. ಆ ಗೋಧಿಯನ್ನು ಸಾಗಿಸಿ, ಗುಡಿಸಿ, ಕಾಸಿಂ ಔಷಧಿ ಹೊಡೆದ. ನಾನು ಎಡೆ ಇಟ್ಟೆ. ಹದಿನೈದು ದಿನವಾದ ಮೇಲೆ ಒಂದೊಂದೇ ಚೀಲ ಬಿಚ್ಚಿ ಜರಡಿ ಹಿಡಿದೆ. ಒಂದು ಹುಳುವೂ ಇಲ್ಲ. ಹುಳುಮುಕ್ತ ಎಂದು ಬರೆದು, ಸುನಂದಾ ಎಂದು ದೊಡ್ಡದಾಗಿ ಸಹಿ ಹಾಕಿದೆ. ಅವತ್ತು ನನಗೆ ಒಂಚೂರೂ ಅನುಮಾನ ಬರಲಿಲ್ಲ ಎಂಬುದೇ ಈಗ ನನ್ನನ್ನು ಚುಚ್ಚುತ್ತದೆ.

ಒಂದು ಬಿಸ್ಕತ್ತು ಕಾರ್ಖಾನೆಯ ಗೋಧಿ ಬಂತು, ಗೋದಾಮು ತುಂಬಿತು. ಎರಡು ತಿಂಗಳು ಕಳೆದಿರಲಿಲ್ಲ, ಗೋಡೆಗೆ ಆತುಕೊಂಡಿದ್ದ ಚೀಲಗಳ ಮೇಲೆ ಸಣ್ಣ ಕೂದಲಿನ ಪೊರೆಗಳು ಬಿದ್ದಿರುವುದನ್ನು ಹಮಾಲರು ತೋರಿಸಿದರು. ಖಾಪ್ರಾ ಮರಿಹುಳು ಕಳಚಿದ ಪೊರೆ. ಸಲಾಕೆ ಚುಚ್ಚಿದರೆ ಒಳಗೆಲ್ಲ ಅದೇ.

ಪಾಟೀಲ ಸಾಹೇಬರು ಸಂಜೆಯೊಳಗೆ ಲೆಕ್ಕ ಬಿಡಿಸಿದರು. ಸರ್ಟಿಫಿಕೇಟಿನ ಪ್ರಕಾರ ಗೋದಾಮು ಶುದ್ಧವಾಗಿತ್ತು. ಬಂದ ಗೋಧಿಯ ಮಾದರಿಯೂ ಶುದ್ಧವಾಗಿತ್ತು. ಹಾಗಾದರೆ ಹುಳು ಹೊರಗಿನಿಂದ ಬಂದಿರಬೇಕು. ಹೊರಗಿನಿಂದ ಒಳಗೆ ಬಂದದ್ದು ಒಂದೇ ವಸ್ತು, ಕಾಸಿಂ ಊಟಕ್ಕೆ ಹಾಸುತ್ತಿದ್ದ ಹಳೆಯ ಗೋಣಿ. ಅವನನ್ನು ಅಂದೇ ಕೆಲಸದಿಂದ ನಿಲ್ಲಿಸಿ ವಿಚಾರಣೆಗೆ ಬರೆದರು. ಹಳೆಯ ಗೋಣಿ ಒಳಗೆ ತರಬಾರದು ಎಂಬ ನಿಯಮ ಗೋಡೆ ಮೇಲೆ ತೂಗುತ್ತಿತ್ತು, ಅದು ನಿಜ. ಅವನ ಪಿಂಚಣಿಗೆ ನಾಲ್ಕು ವರ್ಷ ಬಾಕಿ ಇತ್ತು. ಅವನ ವಿರುದ್ಧದ ಫೈಲಿನ ಮೊದಲ ಹಾಳೆ ಯಾವುದು ಗೊತ್ತೇ? ನನ್ನ ಸರ್ಟಿಫಿಕೇಟು.

ಆ ರಾತ್ರಿ ನಾನೂ ಲೆಕ್ಕ ಹಾಕಿದೆ. ಕಾಸಿಂನ ಗೋಣಿ ಇದ್ದದ್ದು ಬಾಗಿಲಲ್ಲಿ. ಹುಳು ಹೆಚ್ಚಾಗಿದ್ದದ್ದು ಹಿಂದಿನ ಗೋಡೆಯಲ್ಲಿ. ಹಾರಲು ಬಾರದ ಹುಳು ಮಧ್ಯದ ಚೀಲಗಳನ್ನೆಲ್ಲ ಬಿಟ್ಟು ನಡೆದುಕೊಂಡು ಹಿಂದಿನ ಗೋಡೆಗೇ ಹೋಯಿತೇ? ಮರುದಿನ ಟಾರ್ಚ್ ಹಿಡಿದು ಹಿಂದಿನ ಗೋಡೆಗೆ ಹೋದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಗಾರೆ ಬಿಟ್ಟು ಒಂದು ಸೀಳು ಆಗಿತ್ತು. ತಲೆಯಿಂದ ಹೇರ್‌ಪಿನ್ ತೆಗೆದು ಒಳಗೆ ಹಾಕಿ ಎಳೆದೆ. ಧೂಳಿನ ಜೊತೆ ಮರಿಹುಳುಗಳು ಬಂದವು. ಒಂದಕ್ಕೊಂದು ಅಂಟಿ ತುಂಬಿಕೊಂಡಿದ್ದವು. ಇವು ನನ್ನ ಎಡೆಯಿಂದ ಒಂದು ಗೇಣು ದೂರದಲ್ಲಿ, ಹದಿನೈದು ದಿನ, ಎಣ್ಣೆ ಸವರಿದ ನುಚ್ಚಿನ ವಾಸನೆ ಕುಡಿಯುತ್ತಾ ಕೂತಿದ್ದವು. ಒಂದೂ ಎದ್ದು ಬಂದಿರಲಿಲ್ಲ.

ಆಗ ಡಿಸೋಜಾ ಬಿಟ್ಟು ಹೋಗಿದ್ದ ಪುಸ್ತಕಗಳನ್ನು ತೆಗೆದೆ. ಡಯಾಪಾಸ್ ಎಂಬ ಮಾತನ್ನು ಮೊದಲೂ ಓದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಈಗ ಓದಿದ್ದು ಬೇರೆ ತರಹದ ಓದು. ಸುಪ್ತಾವಸ್ಥೆ ಎಂಬುದು ದೊಡ್ಡ ಮನೆ, ಜೀವ ತನ್ನ ಓಟವನ್ನು ತಗ್ಗಿಸುವ ಎಲ್ಲ ಬಗೆಗಳೂ ಅದರೊಳಗೆ ಇವೆ. ಡಯಾಪಾಸ್ ಅದರಲ್ಲಿ ಒಂದು ಕೋಣೆ, ಚಿಲಕ ಒಳಗಿನಿಂದ ಹಾಕಿಕೊಳ್ಳುವ ಕೋಣೆ. ತಂಪು ಕೋಣೆಯ ಮೂತಿಹುಳುವನ್ನು ಚಳಿ ಹಿಡಿದು ನಿಲ್ಲಿಸಿತ್ತು. ಚಳಿ ಬಿಟ್ಟಿತು, ಎದ್ದಿತು. ಡಯಾಪಾಸಿಗೆ ಹೋಗುವ ಜೀವ ಹಾಗಲ್ಲ. ಕೆಟ್ಟ ಕಾಲ ಪೂರ್ತಿ ಬರುವ ಮೊದಲೇ ಅದಕ್ಕೆ ಸುಳಿವು ಸಿಗುತ್ತದೆ. ಕೆಲವಕ್ಕೆ ಹಗಲು ಚಿಕ್ಕದಾಗುವುದು ಸುಳಿವು. ಖಾಪ್ರಾಗೆ ಗುಂಪು ಹೆಚ್ಚಾಗುವುದು, ತಮ್ಮದೇ ಹೊಲಸು ತುಂಬುವುದು, ಕಾಳು ಕಡಿಮೆಯಾಗುವುದು. ಆಗ ಮರಿಹುಳು ಸೀಳು ಹುಡುಕಿ ಸೇರಿಕೊಳ್ಳುತ್ತದೆ. ಉಸಿರನ್ನೂ ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ವಿಷದ ಗಾಳಿ ಬಿಟ್ಟರೂ ಸುಲಭಕ್ಕೆ ಸಾಯುವುದಿಲ್ಲ. ತಿನ್ನದೆ ವರ್ಷಗಟ್ಟಲೆ ಬದುಕಬಲ್ಲದು. ಮತ್ತೆ ಒಳ್ಳೆಯ ಕಾಲ ಬಂದರೂ ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಕೆಲವು ಇವತ್ತು, ಕೆಲವು ಮುಂದಿನ ತಿಂಗಳು, ಕೆಲವು ಇನ್ನೂ ತಡವಾಗಿ. ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಇದರ ಅಣ್ಣತಮ್ಮ ಗೊತ್ತು. ಕೆಲವು ತಳಿಗಳ ಮೊಟ್ಟೆಯನ್ನು ಎಷ್ಟು ಬೆಚ್ಚಗಿಟ್ಟರೂ ಒಡೆಯುವುದಿಲ್ಲ, ಅದಕ್ಕೆ ಮೊದಲು ಒಂದು ಚಳಿ ಕಳೆಯಬೇಕು.

ನಮ್ಮ ಎಡೆಯ ಪದ್ಧತಿಗೆ ಸಾದಾ ಸುಪ್ತಾವಸ್ಥೆ ಮಾತ್ರ ಗೊತ್ತಿತ್ತು. ಊಟ ಇಟ್ಟರೆ ಯಾರಾದರೂ ಏಳುತ್ತಾರೆ ಎಂದು ನಂಬಿದ ಪದ್ಧತಿ ಅದು. ನನ್ನ ಸರ್ಟಿಫಿಕೇಟು ಕಸಕ್ಕೆ ಸಮ, ಮತ್ತು ಆ ಕಸದ ಮೇಲೆ ಕಾಸಿಂನ ಕೆಲಸ ಹೋಗುತ್ತಿತ್ತು.

ಇದನ್ನು ಪಾಟೀಲ ಸಾಹೇಬರಿಗೆ ಹೇಳಿದೆ. ಅವರು ಸೀಳಿನ ಹುಳುವನ್ನು ನೋಡಿ, ಇವು ಈಗ ಗೋಧಿಯಿಂದ ಹೋಗಿ ಸೇರಿಕೊಂಡವು, ಮೊದಲಿನಿಂದ ಇದ್ದವು ಎನ್ನಲು ಏನು ಸಾಕ್ಷಿ ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಆಮೇಲೆ ಧ್ವನಿ ತಗ್ಗಿಸಿ, "ಸುನಂದಾ ಬಾಯಿ, ನಿಮ್ಮ ಪ್ರಮೋಷನ್ ಫೈಲ್ ನನ್ನ ಟೇಬಲ್ ಮ್ಯಾಲೇ ಐತಿ. ನಿಮ್ಮ ಸರ್ಟಿಫಿಕೇಟು ಖರೇ ಐತಿ ಅಂತ ಒಂದ್ ಸಹಿ ಮಾಡಿ ಕೊಡ್ರಿ, ಮುಗೀತು," ಎಂದರು.

"ಫೈಲ್ ಅಲ್ಲೇ ಇರ್ಲಿ ಸಾಹೇಬ್ರ. ಹುಳ ಹತ್ತದಂಗ ನೋಡ್ಕೋರಿ," ಎಂದೆ.

ಹೊಸಬರೇ, ಸಾಹೇಬರಿಗೆ ಹೀಗೆ ಹೇಳಬೇಡಿ ಎಂದು ನಾನು ನಿಮಗೆ ಬುದ್ಧಿ ಹೇಳುವುದಿಲ್ಲ. ಹೇಳಿದ ಮೇಲೆ ಸಿಗುವ ಸುಖ ಸಂಬಳದಲ್ಲಿ ಸಿಗುವುದಿಲ್ಲ. ಆದರೆ ಹೇಳಿದ ಮೇಲೆ ಕೈಯಲ್ಲಿ ಸಾಕ್ಷಿಯೂ ಇರಬೇಕು. ವಿಚಾರಣೆಗೆ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಸಮಯವಿತ್ತು.

ಮೂರನೇ ನಂಬರಿನ ಗೋದಾಮು ಇನ್ನೂ ಖಾಲಿಯೇ ಇತ್ತು. ಅಲ್ಲಿಯೂ ಹಿಂದೆ ಖಾಪ್ರಾ ಇತ್ತು, ಅಲ್ಲಿಯೂ ನಾನು ಎಡೆ ಇಟ್ಟು ಹುಳುಮುಕ್ತ ಎಂದು ಬರೆದಿದ್ದೆ. ಆಮೇಲೆ ಒಂದು ಕಾಳೂ ಒಳಗೆ ಬಂದಿರಲಿಲ್ಲ, ಕಾಸಿಂನ ಗೋಣಿಯಂತೂ ಇಲ್ಲವೇ ಇಲ್ಲ, ಬೀಗದ ಕೈ ಪಾಟೀಲ ಸಾಹೇಬರ ಬಳಿಯೇ ಇತ್ತು. ಅವರ ಕೈಯಿಂದಲೇ ಬೀಗ ತೆಗೆಸಿ, ವಾಚ್‌ಮನ್ ಎದುರಿಗೆ, ಗೋಡೆಯ ಸೀಳಿಗೆ ಅದೇ ಹೇರ್‌ಪಿನ್ ಹಾಕಿದೆ. ಅಲ್ಲಿಯೂ ಇದ್ದವು. ಸಾಹೇಬರು ರುಮಾಲಿನಿಂದ ಮುಖ ಒರೆಸಿಕೊಂಡರು. ನನ್ನ ಎರಡನೇ ಸುಳ್ಳು ಸರ್ಟಿಫಿಕೇಟು ನನಗೆ ಉಪಯೋಗಕ್ಕೆ ಬಂತು.

ಆ ಹುಳುಗಳನ್ನು ಒಂದು ಬಾಟಲಿಗೆ ಹಾಕಿದೆ. ಇನ್ನೊಂದು ಬಾಟಲಿಗೆ ಲ್ಯಾಬಿನಲ್ಲಿ ಸಾಕಿದ್ದ, ಚೆನ್ನಾಗಿ ತಿಂದುಂಡ ಖಾಪ್ರಾ ಮರಿಹುಳುಗಳನ್ನು ಹಾಕಿ, ಸೆಟೆಯುವ ತನಕ ಫ್ರಿಜ್ಜಿನಲ್ಲಿ ಇಟ್ಟೆ. ಆಮೇಲೆ ಎರಡನ್ನೂ ಒಂದೇ ಬೆಚ್ಚನೆಯ ಪೆಟ್ಟಿಗೆಯಲ್ಲಿ, ಒಂದೇ ಗೋಧಿ ನುಚ್ಚು ಮತ್ತು ಒಂದೊಂದು ತುಂಡು ಹೊಸ ಗೋಣಿ ಹಾಕಿ ಇಟ್ಟೆ. ಫ್ರಿಜ್ಜಿನವು ಅವತ್ತೇ ಓಡಾಡಿ ತಿನ್ನಲು ಶುರು ಮಾಡಿದವು. ಕೆಲವು ವಾರಗಳಲ್ಲಿ ಆ ಬಾಟಲಿಯಲ್ಲಿ ದುಂಬಿಗಳು ತಿರುಗುತ್ತಿದ್ದವು. ಸೀಳಿನವು ಮುಟ್ಟಿದರೆ ಸರಿಯುತ್ತಿದ್ದವು, ಅಪರೂಪಕ್ಕೆ ಕಾಳು ಕಚ್ಚುತ್ತಿದ್ದವು, ಮತ್ತೆ ಗೋಣಿಯ ಮಡಿಕೆಯೊಳಗೆ ಹೋಗಿ ಸೇರುತ್ತಿದ್ದವು. ಒಂದೋ ಎರಡೋ ಬಿಟ್ಟರೆ ಯಾವುದೂ ದುಂಬಿಯಾಗಲಿಲ್ಲ. ಒಂದೇ ಜಾತಿ, ಒಂದೇ ಬಿಸಿ, ಒಂದೇ ಊಟ.

ವಿಚಾರಣೆ ಬಾಂದ್ರಾದ ಹೆಡ್ ಆಫೀಸಿನಲ್ಲಿ. ಖಾಪ್ರಾವನ್ನು ಊರ ತುಂಬ ತಿರುಗಿಸುವುದು ಸಣ್ಣ ಮಾತಲ್ಲ, ಹಾಗಾಗಿ ಬಾಟಲಿಗಳ ಬಾಯಿಗೆ ಮೇಣ ಹಾಕಿ, ಡಬ್ಬಿಯೊಳಗೆ ಡಬ್ಬಿ ಇಟ್ಟು, ಸೆರಗಿನಡಿ ಹಿಡಿದು ಲೋಕಲಿನ ಲೇಡೀಸ್ ಡಬ್ಬಿ ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಉಪ್ಪಿನಕಾಯಿಯೇ ಎಂದು ಕೇಳಿದಳು. ಹುಳು ಎಂದೆ. ನನಗೆ ಆ ದಿನ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಕಾಸಿಂ ಹೊರಗೆ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ತಪ್ಪಾಯಿತು ಎಂದು ಬರೆದುಕೊಟ್ಟರೆ ಕೆಲಸದಿಂದ ತೆಗೆಯುವುದಿಲ್ಲ, ಹಮಾಲಿಗೆ ಹಾಕುತ್ತೇವೆ ಎಂದು ಪಾಟೀಲ ಸಾಹೇಬರು ಎರಡು ಸಲ ಹೇಳಿ ಕಳಿಸಿದ್ದರಂತೆ. ಅವನು ಬರೆದುಕೊಟ್ಟಿರಲಿಲ್ಲ.

ಒಳಗೆ ಹೆಡ್ ಆಫೀಸಿನ ಅಧಿಕಾರಿ ಎರಡೂ ಬಾಟಲಿಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವ್ಯತ್ಯಾಸ ಏನು ಎಂದು ಹಿಂದಿಯಲ್ಲಿ ಕೇಳಿದರು. ಒಂದನ್ನು ಚಳಿ ನಿಲ್ಲಿಸಿತ್ತು, ಇನ್ನೊಂದು ತಾನಾಗಿ ನಿಂತಿದೆ, ನನ್ನ ಪರೀಕ್ಷೆಗೆ ಆ ಎರಡನೆಯದು ಕಾಣುವುದೇ ಇಲ್ಲ ಎಂದೆ. ಹಾಗಾದರೆ ತಪ್ಪು ಯಾರದು ಎಂದರು. ಸರ್ಟಿಫಿಕೇಟು ನನ್ನದು, ಸಹಿ ನನ್ನದು, ಸೀಳು ಬಿಚ್ಚಿ ನೋಡದೆ ಬರೆದವಳು ನಾನು ಎಂದೆ. ಮೇಜಿನ ಮೇಲಿದ್ದ ನನ್ನ ಎರಡು ಸರ್ಟಿಫಿಕೇಟುಗಳನ್ನು ಎಳೆದುಕೊಂಡು, ಕೆಂಪು ಪೆನ್ನು ಬೇಡಿ ತೆಗೆದುಕೊಂಡು, ಎರಡಕ್ಕೂ ಅಡ್ಡ ಗೆರೆ ಎಳೆದು ಕೆಳಗೆ ಸಹಿ ಹಾಕಿದೆ. ಆ ಸಹಿಯನ್ನೂ ದೊಡ್ಡದಾಗಿಯೇ ಹಾಕಿದೆ. ನನಗೆ ಮೆಮೋ ಬಂತು, ಪ್ರಮೋಷನ್ ಫೈಲು ಟೇಬಲ್ಲಿನಿಂದ ಕಪಾಟಿಗೆ ಹೋಯಿತು, ಅಲ್ಲೇ ಮುದಿಯಾಯಿತು. ಆ ಕೆಂಪು ಗೆರೆಗಳ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಬೇರೆ ಯಾವುದಕ್ಕೂ ಅಷ್ಟು ಇಲ್ಲ.

ನಾಲ್ಕು ದಿನದಲ್ಲಿ ಕಾಸಿಂನನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಪತ್ರ ಬಂತು. ನಾನೇ ಅದನ್ನು ಹಿಡಿದುಕೊಂಡು ಗೇಟಿಗೆ ಓಡಿದೆ. ಅವನು ಓದಿ ಮಡಚಿ ವಾಪಸು ಕೊಟ್ಟ. ಅವನ ಸರ್ವಿಸ್ ಪುಸ್ತಕದಲ್ಲಿ, ಗೋಣಿ ತಂದು ಗೋದಾಮಿಗೆ ಹುಳು ಹತ್ತಿಸಿದ ಎಂಬ ಸಾಲು ಹಾಗೇ ಉಳಿದಿತ್ತು. ಅದನ್ನು ಹೊಡೆದು ಹಾಕಿದ ಮೇಲೆ ಬರುತ್ತೇನೆ ಎಂದ. ನನಗೆ ಸಿಟ್ಟು ಬಂತು. ನಾನು ನನ್ನ ಕುತ್ತಿಗೆ ಕೊಟ್ಟು ಇಷ್ಟು ಮಾಡಿಸಿದ್ದೇನೆ, ಇವನಿಗೆ ಒಂದು ಸಾಲಿನ ಚಿಂತೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ, ಈಗ ಸೇರಿಕೋ, ಸಾಲಿನ ವಿಷಯ ಆಮೇಲೆ ನೋಡೋಣ ಎಂದು ಜೋರು ಮಾಡಿದೆ.

ಅವನು ಜೋರು ಮಾಡಲಿಲ್ಲ. "ಮೇಡಮ್, ಊಟ ಇಟ್ರ ಹುಳ ಏಳ್ತಾವ ಅಂತ ಸಹಿ ಮಾಡಿದ್ರಿ. ನನ್ನ ಬಗ್ಗೇನೂ ಹಂಗ ತಿಳ್ಕೊಂಡೀರೇನು?" ಎಂದ.

ಒಂದು ತಿಂಗಳು ಎರಡು ಬಾಟಲಿ ಕಾದವಳು, ಪುಸ್ತಕ ಓದಿದವಳು, ಅಧಿಕಾರಿಗೆ ಪಾಠ ಮಾಡಿ ಬಂದವಳು ನಾನು. ಅದೇ ತಪ್ಪನ್ನು ಗೇಟಿನ ಮುಂದೆ ನಿಂತು ಮತ್ತೆ ಮಾಡಿದ್ದೆ, ಈ ಸಲ ಮನುಷ್ಯನ ಮೇಲೆ. ಪತ್ರ ತೆಗೆದುಕೊಂಡು ವಾಪಸು ಹೋಗಿ ಪಾಟೀಲ ಸಾಹೇಬರ ಮೇಜಿನ ಮೇಲೆ ಇಟ್ಟೆ. ಸಾಲು ಹೊಡೆಯುವ ತನಕ ನಾನೂ ಯಾವ ಗೋದಾಮಿಗೂ ಸಹಿ ಹಾಕುವುದಿಲ್ಲ ಎಂದೆ. ಅವರು ನಕ್ಕರು. ನಾನು ಲ್ಯಾಬಿಗೆ ಹೋಗಿ ಪೆನ್ನಿಗೆ ಟೋಪಿ ಹಾಕಿ ಕೂತೆ. ಮೂರು ಗೋದಾಮುಗಳ ಮಾಲು ಲಾರಿಯಲ್ಲೇ ನಿಂತ ಮೇಲೆ ಅವರ ನಗು ನಿಂತಿತು.

ಹನ್ನೊಂದು ದಿನ ಕಾಸಿಂ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತ. ನಾನು ಒಳಗೆ ಕೂತೆ. ನಾವು ಒಬ್ಬರಿಗೊಬ್ಬರು ಏನೂ ಹೇಳಿ ಕಳಿಸಲಿಲ್ಲ. ಹನ್ನೆರಡನೇ ದಿನ ಹೆಡ್ ಆಫೀಸಿನಿಂದ ಫೋನು ಬಂತು. ಪಾಟೀಲ ಸಾಹೇಬರು ಸರ್ವಿಸ್ ಪುಸ್ತಕ ತರಿಸಿ, ಆ ಸಾಲನ್ನು ಹೊಡೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಕಾಸಿಂ ಒಳಗೆ ಬಂದು ಅದನ್ನು ಎರಡು ಸಲ ಓದಿದ. ಆಮೇಲೆ ಸ್ಟೋರಿಗೆ ಹೋಗಿ, ಔಷಧಿಯ ಪಂಪನ್ನು ಮುಟ್ಟದೆ, ಒಂದು ಉಳಿ ಮತ್ತು ಸುತ್ತಿಗೆ ಕೇಳಿ ತೆಗೆದುಕೊಂಡ. ನಾವಿಬ್ಬರೂ, ಹುಳು ಹಿಡಿದ ಗೋಧಿ ಸಾಗಿಸಿ ಖಾಲಿ ಮಾಡಿದ್ದ ಐದನೇ ನಂಬರಿಗೆ ನಡೆದೆವು. ಅವನು ಹಿಂದಿನ ಗೋಡೆಯ ಸೀಳನ್ನು ಮೇಲಿನಿಂದ ಒಡೆಯುತ್ತಾ ಬಂದ, ನಾನು ಕೆಳಗೆ ಡಬ್ಬಿ ಹಿಡಿದು ನಿಂತೆ.